ಒಂದು ಮನೆಯೂ ಖಾಲಿ ಬಿಡದವರು

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಹೊಸಕೋಟೆ ಕಡೆಯ ಕೆಲವರಾದರೂ ಅಲ್ಲಿಗೇ ಓದು ನಿಲ್ಲಿಸಿ ಪುಟ ಮಗುಚಿಬಿಡುತ್ತಾರೆ. ಅವರು ತೀರಿಹೋಗಿ ಎರಡು ವರ್ಷವಾಗುತ್ತ ಬಂತು. ಈಗಲೂ ಅನುಗೊಂಡನಹಳ್ಳಿಯಲ್ಲಿ ಅವರ ಹೆಸರೆತ್ತಿದರೆ ವಯಸ್ಸಾದವರು ಮಾತು ಬೇರೆ ಕಡೆಗೆ ತಿರುಗಿಸುತ್ತಾರೆ. ಹಾಗಂತ ಅವರು ಯಾರಿಗೂ ಕೇಡು ಬಗೆದವರಲ್ಲ, ಯಾರ ಮೇಲೂ ದನಿ ಎತ್ತಿದವರೂ ಅಲ್ಲ. ಅವರು ಮಾಡಿದ್ದು ಒಂದು ಪಟ್ಟಿ. ಆ ಪಟ್ಟಿಯನ್ನು ಟೈಪ್ ಮಾಡಿದವಳು ನಾನು.

ಹೊಸಕೋಟೆಯ ತಾಲ್ಲೂಕು ಕಚೇರಿಯ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ಅರ್ಜಿ ಟೈಪ್ ಮಾಡುವುದು, ಪಹಣಿ ತೆಗೆದುಕೊಡುವುದು, ಲಗ್ನಪತ್ರಿಕೆ ಮಾಡುವುದು, ಹೀಗೆ. ಒಂದು ಬೆಳಿಗ್ಗೆ ಅವರು ಬಟ್ಟೆ ಚೀಲ ಹಿಡಿದು ಬಂದರು. ಚೀಲದಿಂದ ಹಳೆಯ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ತೆಗೆದು ಕೌಂಟರಿನ ಮೇಲೆ ಸಾಲಾಗಿ ನಿಲ್ಲಿಸಿದರು. ಒಂದು ಕ್ಯಾಸೆಟ್ಟು ಕೂದಲೆಳೆಯಷ್ಟು ಮುಂದೆ ಬಂದಿತ್ತು. ಅದನ್ನು ಹೆಬ್ಬೆರಳಿನಿಂದ ಹಿಂದಕ್ಕೆ ತಳ್ಳಿ, ಸಾಲು ನೇರವಾದ ಮೇಲೆ ನನ್ನ ಮುಖ ನೋಡಿದರು.

“ಇದಕ್ಕೆಲ್ಲ ಲೇಬಲ್ ಬೇಕಮ್ಮ. ಅಕ್ಷರ ಎಲ್ಲಾ ಒಂದೇ ಸೈಜಿರ್ಲಿ. ಹೆಸರು ಉದ್ದ ಇದೆ ಅಂತ ಚಿಕ್ಕದು ಮಾಡ್ಬೇಡಿ.”

ಕುರ್ಚಿ ತೋರಿಸಿದೆ. ಕೂರಲಿಲ್ಲ. ಆಮೇಲಿನ ಐದಾರು ವರ್ಷದಲ್ಲಿ ಅವರು ನನ್ನ ಅಂಗಡಿಯಲ್ಲಿ ಕೂತಿದ್ದನ್ನು ನಾನು ಒಂದೇ ಸಲ ನೋಡಿದ್ದು. ಆ ದಿನದ ಮಾತು ಮುಂದೆ ಬರುತ್ತದೆ.

ಅವರು ಯಂತ್ರದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದು ರಿಟೈರ್ ಆದವರು. ಮಕ್ಕಳಿರಲಿಲ್ಲ. ಹೊಸಕೋಟೆಯಲ್ಲೇ ಎರಡು ರೂಮಿನ ಬಾಡಿಗೆ ಮನೆಯಲ್ಲಿ ಹೆಂಡತಿಯ ಜೊತೆ ಇದ್ದರು. ನಾಟಕ ಅವರ ಹುಚ್ಚು. ನಮ್ಮ ಕಡೆ ಊರೂರಿನಲ್ಲೂ ಪೌರಾಣಿಕ ನಾಟಕ ಕಲಿಯುತ್ತಾರೆ. ಹೊಲ ಉಳುವವರು, ಬಸ್ ಕಂಡಕ್ಟರುಗಳು, ಹಾಲಿನ ಡೈರಿಯವರು ಸೇರಿ ಒಬ್ಬ ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತುಮಾಡಿಕೊಂಡು, ತಿಂಗಳುಗಟ್ಟಲೆ ಕಲಿತು, ಕಿರೀಟ ಇಟ್ಟುಕೊಂಡು ಹಾಡುತ್ತಾರೆ. ಇವರು ಒಂದು ದಿನವೂ ಬಣ್ಣ ಹಚ್ಚಿದವರಲ್ಲ. ಮುಂದಿನ ಸಾಲಿನಲ್ಲಿ ಟೇಪ್ ರೆಕಾರ್ಡರನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದವರು. ಹಾಡು ಎಷ್ಟೇ ಚೆನ್ನಾಗಿರಲಿ, ಚೆನ್ನಾಗಿದೆ ಅನ್ನುತ್ತಿರಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, “ಬರ್ಕೋಬೇಕು” ಅನ್ನುತ್ತಿದ್ದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಅವರಂಥ ಹುಚ್ಚಿನವರು ಸುತ್ತಮುತ್ತಲ ತಾಲ್ಲೂಕುಗಳಲ್ಲಿ ಬಹಳ ಜನ ಇದ್ದರು. ಎಲ್ಲರೂ ಸೇರಿ ಮೊಬೈಲಿನಲ್ಲಿ ಒಂದು ಗುಂಪು ಮಾಡಿಕೊಂಡು ತಮ್ಮ ತಮ್ಮ ರೆಕಾರ್ಡಿಂಗುಗಳನ್ನು ಹಾಕುತ್ತಿದ್ದರು. ಒಂದಕ್ಕೆ ‘ಸೂಪರ್ ಸಾಂಗ್’ ಅಂತ ಹೆಸರು, ಇನ್ನೊಂದಕ್ಕೆ ‘ಅಣ್ಣನ ವಾಯ್ಸ್ ಹೊಸದು ಎರಡು’. ಹಾಡಿದವರು ಯಾರು, ಯಾವ ಊರು, ಯಾವ ವರ್ಷ, ಒಂದೂ ಇರುತ್ತಿರಲಿಲ್ಲ. ಇವರಿಗೆ ಅದನ್ನು ನೋಡಿದರೆ ಸಂಕಟವಾಗುತ್ತಿತ್ತು.

“ಸ್ಟೋರಲ್ಲಿ ಒಂದೊಂದು ಸಾಮಾನಿಗೂ ಒಂದು ಕಾರ್ಡು ಇರುತ್ತೆ ಕಣಮ್ಮ. ನಾನು ರಜ ಹಾಕಿದ್ರೂ, ನಾನು ಸತ್ರೂ, ಬೇರೆಯೋನು ಬಂದು ಆ ಕಾರ್ಡ್ ನೋಡಿ ಸಾಮಾನು ತೆಗೀಬೇಕು. ಇದಕ್ಕೂ ಹಂಗೊಂದು ಮಾಡ್ಬೇಕು. ಎಲ್ಲರದ್ದೂ ಒಂದೇ ಥರ ಇರ್ಬೇಕು.”

ಆ ಒಂದೇ ಥರವನ್ನು ಕಂಡುಹಿಡಿಯಲು ನಮಗೆ ಒಂದು ವರ್ಷ ಹಿಡಿಯಿತು. ವಾರಕ್ಕೆರಡು ಸಲ, ಮಧ್ಯಾಹ್ನ ಗಿರಾಕಿ ಕಡಿಮೆ ಇರುವಾಗ ಬಂದು ನನ್ನ ಪಕ್ಕ ನಿಲ್ಲುತ್ತಿದ್ದರು. ಕ್ಯಾಸೆಟ್ಟಿನ ಹಾಡುಗಳನ್ನೂ ಕಂಪ್ಯೂಟರಿಗೆ ಇಳಿಸಿಕೊಂಡೆವು. ಒಂದು ಹಾಡಿಗೆ ಒಂದು ಫೈಲು, ಪಟ್ಟಿಯಲ್ಲಿ ಅದಕ್ಕೆ ಒಂದು ಸಾಲು. ಫೈಲಿನ ಹೆಸರಲ್ಲಿ ಮೊದಲು ಹೋಬಳಿ, ಆಮೇಲೆ ಊರು, ಆಮೇಲೆ ವರ್ಷ, ಕೊನೆಗೆ ನಂಬರು. ನಂಬರನ್ನು ಬರೀ ಒಂದು ಅಂತ ಬರೆಯುವಂತಿಲ್ಲ, ಸೊನ್ನೆ ಸೊನ್ನೆ ಒಂದು ಅಂತಲೇ ಬರೆಯಬೇಕು. ಇಲ್ಲದಿದ್ದರೆ ಕಂಪ್ಯೂಟರು ಎರಡಕ್ಕಿಂತ ಮೊದಲು ಹತ್ತನ್ನು ತಂದು ಕೂರಿಸುತ್ತದೆ. ಊರಿನ ಹೆಸರಿನದೇ ಒಂದು ದೊಡ್ಡ ಜಗಳ. ನಮ್ಮ ಸಮೇತನಹಳ್ಳಿಯನ್ನೇ ಬಸ್ಸಿನ ಬೋರ್ಡಿನಲ್ಲಿ ಒಂದು ರೀತಿ ಬರೆದಿದ್ದರೆ ರೇಷನ್ ಕಾರ್ಡಿನಲ್ಲಿ ಇನ್ನೊಂದು ರೀತಿ ಇರುತ್ತದೆ. ಊರಿನ ಸ್ಕೂಲಿನ ಗೋಡೆಯ ಮೇಲೆ ಹೇಗಿದೆಯೋ ಹಾಗೆ ಅಂತ ಅವರು ತೀರ್ಮಾನ ಮಾಡಿದರು. ಆಮೇಲೆ ಒಂದೊಂದು ಊರಿಗೂ ಹಳೆಯ ಮೊಪೆಡ್ ಓಡಿಸಿಕೊಂಡು ಹೋಗಿ ಸ್ಕೂಲಿನ ಗೋಡೆ ನೋಡಿಕೊಂಡು ಬಂದರು.

ಒಮ್ಮೆ ಗುಂಪಿನವರೊಬ್ಬರು ತಮ್ಮ ಕಂಪ್ಯೂಟರಿನಲ್ಲಿ ನಮ್ಮ ಪಟ್ಟಿ ತೆರೆದರೆ ಕನ್ನಡದ ಬದಲು ಇಂಗ್ಲಿಷಿನ ಚೂರುಪಾರು ಬಂತು. ನಾನು ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದೆ. ಅಷ್ಟನ್ನೂ ಯೂನಿಕೋಡಿನಲ್ಲಿ ಮತ್ತೆ ಕೂತು ಹೊಡೆದೆ. ಅವರು ಪಕ್ಕದಲ್ಲಿ ನಿಂತು, ಪರದೆಗೆ ತಾಗದ ಹಾಗೆ ಬೆರಳು ಹಿಡಿದು, ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿ ತಾಳೆ ನೋಡಿದರು.

ಪಟ್ಟಿಯ ಚೌಕಗಳಿಗೆ ಅವರು ಮನೆ ಅನ್ನುತ್ತಿದ್ದರು, ಚೌಕಾಬಾರದ ಮನೆ ಇದ್ದ ಹಾಗೆ. ಒಂದು ಮನೆಯೂ ಖಾಲಿ ಇರಬಾರದು ಅನ್ನುವುದು ಅವರ ಎಲ್ಲಕ್ಕಿಂತ ದೊಡ್ಡ ನಿಯಮ. ಕಲಾವಿದರ ಹೆಸರಿನ ಮುಂದೆ ಎರಡು ಮನೆ ಇದ್ದವು: ಜನನ, ಮರಣ. ಬದುಕಿರುವ ಒಬ್ಬರ ಸಾಲು ಬಂದಾಗ ನಾನು ಕೈ ನಿಲ್ಲಿಸಿದೆ.

“ಇಲ್ಲಿ ಏನು ಹಾಕ್ಲಿ ಸಾರ್? ಇವರು ಇದಾರಲ್ಲ.”

“ಖಾಲಿ ಬಿಡಂಗಿಲ್ಲ. ಬಿಟ್ರೆ, ಮರ್ತು ಬಿಟ್ರೋ, ಗೊತ್ತಿಲ್ದೆ ಬಿಟ್ರೋ ಅಂತ ನಾಳೆ ಓದೋನಿಗೆ ಹೆಂಗೆ ತಿಳಿಯುತ್ತೆ?”

“ತಿಳಿಯದು ಅಂತ ಹಾಕ್ಲಾ?”

“ಅದು ತೀರ್ಕೊಂಡಿದಾರೆ, ಯಾವಾಗ ಅಂತ ಗೊತ್ತಿಲ್ಲ ಅನ್ನೋರಿಗೆ.”

ಆವತ್ತು ಬೆಳಿಗ್ಗೆಯಿಂದ ನಾನು ಖಾತೆ ಬದಲಾವಣೆಯ ಅರ್ಜಿಗಳನ್ನೇ ಟೈಪ್ ಮಾಡಿದ್ದೆ. ಬಾಯಿಗೆ ಬಂದಿದ್ದನ್ನು ಹೇಳಿದೆ. “ಬಾಕಿ ಅಂತ ಹಾಕಿದ್ರೆ?”

ಅವರ ಮುಖ ಅರಳಿತು. “ಬಾಕಿ. ಬರೋದಿದೆ, ಇನ್ನೂ ಬಂದಿಲ್ಲ. ನಮ್ಮ ಸ್ಟೋರಲ್ಲೂ ಹಂಗೇ ಬರೀತಿದ್ವಿ. ಹಾಕಿ, ಹಾಕಿ.”

ಅಲ್ಲಿಂದ ಬದುಕಿದ್ದ ಎಲ್ಲರ ಹೆಸರಿನ ಮುಂದೆಯೂ ನಾನೇ ನನ್ನ ಕೈಯಾರೆ ಹೊಡೆದೆ: ಮರಣ, ಬಾಕಿ. ‘ಇದ್ದಾರೆ’ ಅನ್ನುವ ಪದ ಆವತ್ತು ನಮ್ಮಿಬ್ಬರಿಗೂ ಯಾಕೆ ಹೊಳೆಯಲಿಲ್ಲವೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಪಟ್ಟಿಯನ್ನು ಪ್ರಿಂಟ್ ಹಾಕಿ, ಸ್ಪೈರಲ್ ಬೈಂಡ್ ಮಾಡಿಸಿ, ಅವರು ಕಲಾವಿದರ ಮನೆಮನೆಗೂ ಹೋಗಿ ಒಂದೊಂದು ಪ್ರತಿ ಕೊಟ್ಟು ಬಂದರು. ಅನುಗೊಂಡನಹಳ್ಳಿಯಲ್ಲಿ ಒಬ್ಬ ಹಾರ್ಮೋನಿಯಂ ಮೇಷ್ಟ್ರಿದ್ದರು. ಎಂಬತ್ತು ದಾಟಿದ್ದರೂ ಬೆರಳು ಗಟ್ಟಿ. ಅವರು ಅರಳಿಕಟ್ಟೆಯ ಮೇಲೆ ಕೂತು ತಮ್ಮ ಸಾಲನ್ನು ಎಲ್ಲರಿಗೂ ಓದಿ ಹೇಳಿದರಂತೆ. “ನೋಡ್ರಲಾ, ನಂದು ಒಂದು ಬಾಕಿ ಐತಂತೆ” ಅಂದರಂತೆ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಒಂಬತ್ತನೆಯ ದಿನಕ್ಕೆ ಮೇಷ್ಟ್ರು ತೀರಿಕೊಂಡರು. ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟವರು ಹಾಗೇ ಒರಗಿದರಂತೆ.

ಇವರು ಮೇಷ್ಟ್ರ ಮಣ್ಣಿಗೆ ಹೋದರು. ಹೋಗಿ, ಹೂವು ಹಾಕಿ, ಮೂಲೆಯಲ್ಲಿ ನಿಂತು ಅತ್ತರು. ಅಷ್ಟಕ್ಕೇ ಬಂದಿದ್ದರೆ ಆಗುತ್ತಿತ್ತು. ಅಳು ನಿಂತ ಮೇಲೆ ಜೇಬಿನಿಂದ ನೋಟ್‌ಬುಕ್ಕು ತೆಗೆದು, ಮೇಷ್ಟ್ರ ಮಗನ ಹತ್ತಿರ ಹೋಗಿ, ಜೀವ ಹೋಗಿದ್ದು ಸರಿಯಾಗಿ ಎಷ್ಟು ಹೊತ್ತಿಗೆ ಅಂತ ಕೇಳಿ ಬರೆದುಕೊಂಡರು. ಅಲ್ಲಿ ನೆರೆದಿದ್ದ ಊರೆಲ್ಲ ಅದನ್ನು ನೋಡಿತು. ಮಾರನೆಯ ದಿನ ನನ್ನ ಅಂಗಡಿಗೆ ಬಂದು, “ಬಾಕಿ ಅಳಿಸಿ ತಾರೀಕು ಹಾಕಮ್ಮ” ಅಂದರು. ಹಾಕಿದೆ.

ತಿಂಗಳೊಳಗೆ, ಆ ಕಟ್ಟೆಯ ಮೇಲೆ ಮೇಷ್ಟ್ರ ಪಕ್ಕದಲ್ಲಿ ಕೂತು ನಕ್ಕಿದ್ದ ಒಬ್ಬರು ಹೋದರು. ಸ್ತ್ರೀಪಾರ್ಟಿಗೆ ಹೆಸರಾಗಿದ್ದವರು ಅವರು. ಅವರ ನಂತರ ಮೂರನೆಯವರು. ಪಟ್ಟಿಯಲ್ಲಿದ್ದವರು ಬಹುಪಾಲು ಎಪ್ಪತ್ತು ದಾಟಿದವರು, ಸಕ್ಕರೆ ಕಾಯಿಲೆ, ಬಿಪಿ ಇದ್ದವರು. ಅವರು ಹೋಗುವ ಮೊದಲೇ ದನಿ ಹಿಡಿದಿಡಬೇಕು ಅಂತಲೇ ಇವರು ವಯಸ್ಸಾದವರನ್ನು ಹುಡುಕಿಕೊಂಡು ಹೋಗುತ್ತಿದ್ದದ್ದು. ಇದನ್ನು ನಾನು ಎಷ್ಟು ಜನಕ್ಕೆ ಹೇಳಿದೆನೋ. ಹೌದೌದು ಅಂತ ತಲೆ ಆಡಿಸಿ, ಹೋಗುವಾಗ, “ಆದ್ರೂ ಯಾಕಮ್ಮ ಅದೆಲ್ಲ” ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ನಲವತ್ತು ದಾಟಿದ ಒಬ್ಬ ಗಂಡಸು ಅಂಗಡಿಗೆ ಬಂದ. ಇವರೂ ಅಲ್ಲೇ ನಿಂತಿದ್ದರು. ಅವನು ಸ್ಪೈರಲ್ ಪುಸ್ತಕವನ್ನು ಕೌಂಟರಿನ ಮೇಲೆ ಇಟ್ಟು, ನನ್ನನ್ನು ನೋಡಿಕೊಂಡೇ ಮಾತಾಡಿದ.

“ಅಮ್ಮ, ಇದ್ರಾಗೆ ನಮ್ಮಪ್ಪನ ಹೆಸ್ರು ಐತೆ. ಅಳಿಸ್ಬುಡಿ.”

“ಅಳಿಸಿದ್ರೆ ನಂಬರು ತಪ್ಪುತ್ತೆ ಕಣಪ್ಪ,” ಅಂದರು ಇವರು ಮೆತ್ತಗೆ. “ನಿಮ್ಮಪ್ಪನ ಹಾಡು ಮುಂದಿನೋರಿಗೆ ಸಿಗಲ್ಲ.”

“ಹಾಡು ಹಾಳಾಗೋಗ್ಲಿ ಸಾರ್. ನಮ್ಗೆ ನಮ್ಮಪ್ಪ ಬೇಕು. ಎರಡು ದಿನದಿಂದ ಊಟ ಬಿಟ್ಟವ್ರೆ. ನಂದು ಯಾವಾಗಂತೆ ಕೇಳ್ಕೊಂಡ್ ಬಾ ಅಂತಾವ್ರೆ. ನಾನು ಯಾರನ್ನ ಕೇಳ್ಲಿ?”

ನಾನು ಕಂಪ್ಯೂಟರಿನಲ್ಲಿ ಆ ಸಾಲನ್ನು ಕಾಣದ ಹಾಗೆ ಮರೆಮಾಡಿ, ಪರದೆ ತಿರುಗಿಸಿ, “ನೋಡಿಪ್ಪಾ, ಇಲ್ಲ” ಅಂತ ತೋರಿಸಿದೆ. ಅವನು ಎರಡು ಸಲ ಬೆರಳಿಟ್ಟು ನೋಡಿ, ಕೈ ಮುಗಿದು ಹೋದ. ಅವನು ಹೋದ ಮೇಲೆ ಇವರು, “ಅದನ್ನ ವಾಪಸ್ ತನ್ನಿ” ಅಂದರು. ಆ ಸಾಲನ್ನು ಮತ್ತೆ ಬರುವಂತೆ ಮಾಡಿದೆ. ಆ ಅಪ್ಪ ಈಗಲೂ ಗಟ್ಟಿಯಾಗಿದ್ದಾರೆ, ಮೊನ್ನೆ ಕೂಡ ಸಂತೆಯಲ್ಲಿ ಸೊಪ್ಪು ಚೌಕಾಸಿ ಮಾಡುವುದನ್ನು ನೋಡಿದೆ. ಹೀಗೆ ಬದುಕಿ ಉಳಿದವರನ್ನು ಯಾರೂ ಎಣಿಸುವುದಿಲ್ಲ.

“ಸಾರ್, ಆ ಕಾಲಂ ತೆಗೆದ್ಬಿಡೋಣ,” ಅಂದೆ ಆವತ್ತು. “ತೀರ್ಕೊಂಡೋರಿಗೆ ಬೇರೆ ಪಟ್ಟಿ ಮಾಡೋಣ, ಇರೋರಿಗೆ ಬೇರೆ ಮಾಡೋಣ.”

“ಮಾಡ್ಬಹುದು. ಆದ್ರೆ ಈ ಪಟ್ಟಿಯಿಂದ ಎತ್ತಿ ಆ ಪಟ್ಟಿಗೆ ಹಾಕೋದು ಯಾರು? ಆವಾಗ ನಾನು ನಿಜವಾಗ್ಲೂ ಯಮ ಆಗ್ಬಿಡ್ತೀನಲ್ಲಮ್ಮ.”

“ಬಾಕಿ ಅನ್ನೋದನ್ನಾದ್ರೂ ಬದಲಾಯಿಸೋಣ.”

“ಈಗ ಬದಲಾಯಿಸಿದ್ರೆ, ಅವ್ರಿಗೂ ಅನ್ನಿಸಿದೆ, ಅದಕ್ಕೇ ತೆಗೆದ್ರು ಅಂತಾರೆ. ಇರ್ಲಿ ಬಿಡಿ.”

ಇರಲಿಲ್ಲ. ಪಟ್ಟಿಯ ಮೇಲಿನ ಭಯ ಬೆಳೆಯಿತು. ಮೊದಲು ಅವರ ಮೊಪೆಡ್ ಸದ್ದು ಕೇಳಿದರೆ ಚಾಪೆ ಹಾಸಿ ಕಾಫಿಗಿಡುತ್ತಿದ್ದ ಮನೆಗಳಲ್ಲಿ ಅದೇ ಸದ್ದಿಗೆ ಜಗಲಿ ಮೇಲಿದ್ದ ಮುದುಕರನ್ನು ಒಳಗೆ ಕರೆದುಕೊಳ್ಳತೊಡಗಿದರು. ಬಾಗಿಲಿಗೆ ಸೊಸೆಯಂದಿರು ಬಂದು ನಿಂತು, ಇಲ್ಲ, ಊರಿಗೆ ಹೋಗಿದ್ದಾರೆ ಅನ್ನುತ್ತಿದ್ದರು. ಇವರಿಗೆ ಅದು ಅರ್ಥವಾಗುತ್ತಿರಲಿಲ್ಲ ಅಂತ ನಾನು ಅಂದುಕೊಂಡಿದ್ದೆ. ಒಂದು ದಿನ ಮೊಪೆಡ್ಡನ್ನು ಊರಾಚೆಯ ಪಂಪ್‌ಹೌಸಿನ ಹತ್ತಿರ ನಿಲ್ಲಿಸಿ ನಡೆದುಕೊಂಡು ಹೋಗಿದ್ದೆ ಅಂದರು. ಆಗ ಗೊತ್ತಾಯಿತು, ಅವರಿಗೆ ಎಲ್ಲ ಅರ್ಥವಾಗುತ್ತಿತ್ತು. ಮೊಬೈಲಿನ ಗುಂಪಿನಿಂದಲೂ ಒಬ್ಬೊಬ್ಬರೇ ಹೊರಗೆ ಹೋದರು. ಹೋಗುವ ಮುಂಚೆ ತಮ್ಮ ಹಾಡುಗಳನ್ನು ಅಳಿಸಿ ಹೋದರು.

ಈಗ ನನ್ನ ಮಾವನ ವಿಷಯ ಹೇಳಬೇಕು.

ನನ್ನ ಗಂಡನ ತಂದೆ ಒಂದು ಕಾಲಕ್ಕೆ ರಾಜಪಾರ್ಟಿಗೆ ಹೆಸರಾದವರು. ಅವರ ಮೇಷ್ಟ್ರು ಕಲಿಸಿದ ಒಂದು ಕಂದಪದ್ಯದ ಮಟ್ಟು ಈಗ ಈ ಸುತ್ತಿನಲ್ಲಿ ಮಾವನಿಗೆ ಒಬ್ಬರಿಗೇ ಬರುವುದು. ಪಟ್ಟಿ ಶುರುವಾದಾಗಿನಿಂದ, ನಾನು ಸಾಯಂಕಾಲ ಸ್ಕೂಟರ್ ನಿಲ್ಲಿಸುವಷ್ಟರಲ್ಲಿ, “ಎಷ್ಟಾಯ್ತು ಇವತ್ತಿಗೆ?” ಅಂತ ಕೇಳುತ್ತಿದ್ದರು. ತಮ್ಮ ಸರದಿ ಯಾವಾಗ ಅಂತ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಇವರೋ, “ನಿಮ್ಮ ಮಾವ ಎಲ್ಲಿ ಹೋಗ್ತಾರೆ, ಕೈಗೆ ಸಿಗೋರು, ಕೊನೇಲಿ ಮಾಡೋಣ” ಅಂತ ಮುಂದೆ ಹಾಕುತ್ತ ಬಂದಿದ್ದರು.

ಸುದ್ದಿ ನಮ್ಮೂರಿಗೂ ಬಂತು. ಅತ್ತೆ ಒಂದು ದಿನ ಅಡುಗೆಮನೆಯ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿಕೊಂಡರು.

“ಆವಯ್ಯನ್ನ ಈ ಹೊಸ್ಲು ದಾಟಿಸ್ಬೇಡ ಕಣೆ. ನೀನು ಓದಿದೋಳು, ನಿಂಗೆ ನಗು. ನಂಗೆ ನಗು ಬರಲ್ಲ.”

ನನಗೂ ನಗು ಬರಲಿಲ್ಲ. ಪಟ್ಟಿ ಏನು ಅಂತ ನನಗಿಂತ ಚೆನ್ನಾಗಿ ಗೊತ್ತಿರುವವರು ಯಾರೂ ಇರಲಿಲ್ಲ. ಅದು ನಾನೇ ಹೊಡೆದ ಅಕ್ಷರ. ಆದರೂ ಮಾವನ ಹೆಸರನ್ನು ಆ ಸಾಲಿನಲ್ಲಿಟ್ಟು, ಮುಂದಿನ ಮನೆಯಲ್ಲಿ ಆ ಪದ ಹೊಡೆಯುವುದನ್ನು ನೆನೆಸಿಕೊಂಡರೆ ಎದ್ದು ಬೇರೆ ಕೆಲಸ ಹಿಡಿಯುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಅವರು ರೆಕಾರ್ಡರಿನ ಚೀಲ ಹೆಗಲಿಗೆ ಹಾಕಿಕೊಂಡು ನಮ್ಮ ಗೇಟಿನ ಹತ್ತಿರ ಬಂದರು. ಹಿಂದಿನ ದಿನ ಫೋನಿನಲ್ಲಿ ಮಾವನ ಜೊತೆಯೇ ಮಾತಾಡಿದ್ದರಂತೆ, ನನಗೆ ಗೊತ್ತಿರಲಿಲ್ಲ. ಅತ್ತೆ ಹಿಂದಿನಿಂದ ನನ್ನ ರಟ್ಟೆ ಹಿಡಿದು ಮುಂದಕ್ಕೆ ನೂಕಿದರು. ನಾನು ಗೇಟಿಗೆ ಹೋದೆ, ಗೇಟು ತೆಗೆಯಲಿಲ್ಲ.

“ಮಾವ ಇದಾರಾ ಅಮ್ಮ?”

“ಇಲ್ಲ ಸಾರ್. ದೇವನಹಳ್ಳಿಗೆ ಹೋದ್ರು, ಮಗಳ ಮನೆಗೆ. ಬರೋದು ಯಾವಾಗ್ಲೋ.”

ಅಷ್ಟು ಹೇಳಿ ಮುಗಿಸುವಷ್ಟರಲ್ಲಿ ಒಳಗಿನಿಂದ ಮಾವ ಗಂಟಲು ಸರಿಮಾಡಿಕೊಂಡಿದ್ದು ಕೇಳಿಸಿತು. ಗೇಟಿನಾಚೆ ನಿಂತಿದ್ದ ಇವರು ಕಿಟಕಿಯ ಕಡೆ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಐದು ವರ್ಷದಿಂದ ನನ್ನ ಪಕ್ಕ ನಿಂತು ಒಂದೊಂದು ಅಕ್ಷರ ತಾಳೆ ನೋಡಿದ ಮನುಷ್ಯ. “ಸರಿ ಕಣಮ್ಮ” ಅಂದು ಚೀಲವನ್ನು ಆ ಹೆಗಲಿಂದ ಈ ಹೆಗಲಿಗೆ ಬದಲಾಯಿಸಿಕೊಂಡು ಹೊರಟರು. ಬಿಸಿಲಿತ್ತು. ಒಂದು ಲೋಟ ನೀರು ಬೇಕಾ ಅಂತಲೂ ನಾನು ಕೇಳಲಿಲ್ಲ.

ಒಳಗೆ ಬಂದರೆ ಮಾವ ಒಗೆದ ಬಿಳಿ ಪಂಚೆ, ಅಂಗಿ ಹಾಕಿಕೊಂಡು ಮಂಚದ ಮೇಲೆ ಕೂತಿದ್ದರು. ಹಣೆಗೆ ವಿಭೂತಿ ಇಟ್ಟುಕೊಂಡಿದ್ದರು. ಸಿಟ್ಟು ಮಾಡಲಿಲ್ಲ.

“ನಾನು ಬದುಕಿದ್ದಂಗೇ ಇಲ್ಲ ಅಂದ್ಬುಟ್ಟೆಯಲ್ಲ ತಾಯಿ,” ಅಂದರು ಅಷ್ಟೆ. ಆ ದಿನದಿಂದ ಸಾಯಂಕಾಲ ಅವರು ಎಷ್ಟಾಯ್ತು ಅಂತ ಕೇಳುವುದನ್ನು ಬಿಟ್ಟರು. ಸ್ನಾನ ಮಾಡುವಾಗ ಗುನುಗುತ್ತಿದ್ದರು, ಅದನ್ನೂ ಬಿಟ್ಟರು.

ಗೇಟಿನಿಂದ ಹಾಗೆ ಹೋದವರು ನಾಲ್ಕು ತಿಂಗಳು ಅಂಗಡಿಗೆ ಬರಲಿಲ್ಲ. ನಾನೂ ಫೋನ್ ಮಾಡಲಿಲ್ಲ, ಮುಖವಿರಲಿಲ್ಲ. ಬಂದಾಗ ಅಂಗಿ ಅವರ ಮೈಮೇಲೆ ಜೋತಾಡುತ್ತಿತ್ತು. ನಾನು ಹೇಳುವ ಮುಂಚೆಯೇ ಕುರ್ಚಿ ಎಳೆದುಕೊಂಡು ಕೂತರು. ಜೇಬಿನಿಂದ ಒಂದು ಪೆನ್‌ಡ್ರೈವ್ ತೆಗೆದು ಕೌಂಟರಿನ ಮೇಲಿಟ್ಟರು.

“ಇದನ್ನ ನಿಮ್ಮ ಹತ್ರ ಇಟ್ಕೊಳ್ಳಿ. ಹೊಸಾವು ಹದಿನೇಳಿದಾವೆ.”

ನನಗೆ ಆಶ್ಚರ್ಯವಾಯಿತು. ಬಾಗಿಲು ಹಾಕಿದ ಊರುಗಳಲ್ಲಿ ಹದಿನೇಳು ಜನ ಇವರಿಗೆ ಹೇಗೆ ಹಾಡಿದರು? ಅವರೇ ಹೇಳಿದರು. ಮಕ್ಕಳು, ಸೊಸೆಯಂದಿರು ಬೇಡ ಅಂದರೂ ಹಾಡಬೇಕು ಅನ್ನುವ ಆಸೆ ಇದ್ದವರು ಒಬ್ಬೊಬ್ಬರೇ ಬಸ್ಸು ಹತ್ತಿ, ಆಸ್ಪತ್ರೆಗೆ ಹೋಗುತ್ತೀವಿ, ಬ್ಯಾಂಕಿಗೆ ಹೋಗುತ್ತೀವಿ ಅಂತ ಮನೆಯಲ್ಲಿ ಹೇಳಿ, ಹೊಸಕೋಟೆಯ ಇವರ ಮನೆಗೆ ಬಂದು ಹಾಡಿ ಹೋಗಿದ್ದರು. ಹಾಡುವ ಮೊದಲು ಪ್ರತಿಯೊಬ್ಬರೂ ಒಂದೇ ಮಾತು ಕೇಳಿದರಂತೆ, ಹೆಸರು ಹಾಕಬೇಡಿ ಅಂತ.

“ಹೆಸರು ಇಲ್ದೆ ಪಟ್ಟಿಗೆ ಹೆಂಗೆ ಸೇರಿಸೋದು ಸಾರ್?” ಅಂದೆ. “ನನಗೆ ಮಾತ್ರ ಹೇಳಿ, ನಾನು ಬೇರೆ ಕಡೆ ಬರ್ದಿಟ್ಕೊಂಡಿರ್ತೀನಿ.”

“ಇಲ್ಲ.” ಅವರು ತಮ್ಮ ಬಲಗೈಯನ್ನು ಒಮ್ಮೆ ನೋಡಿಕೊಂಡರು. “ಮೂವತ್ತು ವರ್ಷ ಸ್ಟೋರಲ್ಲಿದ್ದೆ. ಕಾರ್ಡಿಲ್ಲದ ಒಂದು ನಟ್ಟೂ ನನ್ನ ಹತ್ರ ಇರ್ಲಿಲ್ಲ ಕಣಮ್ಮ. ಈಗ ಪೆನ್ನು ತಗೊಂಡು ಇವರ ಹೆಸರು ಬರೀಬೇಕು ಅಂತ ಕೂತ್ರೆ ಕೈ ಮುಂದಕ್ಕೆ ಹೋಗಲ್ಲ.”

“ನೀವೂ ನಂಬ್ತೀರಾ ಸಾರ್?”

“ನಂಬಲ್ಲ,” ಅಂದರು. ಪೆನ್‌ಡ್ರೈವನ್ನು ನನ್ನ ಕಡೆಗೆ ಸರಿಸಿ, “ಆದ್ರೂ ಬರೀತಾ ಇಲ್ಲ” ಅಂದರು.

ಆಗ ನಾನು ಗೇಟಿನ ಹತ್ತಿರ ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡೆ. ಆವತ್ತು ಮಾವ ಒಳಗೇ ಇದ್ದರು ಅಂದೆ.

“ಗೊತ್ತು. ನಿಮ್ಮ ಮಾವ ಕೆಮ್ಮಿದ್ರೂ ಶ್ರುತಿ ಬಿಡಲ್ಲ,” ಅಂದು ನಕ್ಕರು. ಅವರು ಏಳುವಾಗ ಕೌಂಟರಿನ ಮೇಲಿದ್ದ ಕಾಗದದ ಕಟ್ಟನ್ನು ಅಭ್ಯಾಸದಂತೆ ಹೆಬ್ಬೆರಳಿನಿಂದ ನೇರ ಮಾಡಿ ಹೋದರು. ಬದುಕಿದ್ದಾಗ ನಾನು ಅವರನ್ನು ನೋಡಿದ್ದು ಅದೇ ಕೊನೆ. ಮೂತ್ರಪಿಂಡದ ತೊಂದರೆ ಬಹಳ ದಿನದಿಂದ ಇತ್ತಂತೆ, ಯಾರಿಗೂ ಹೇಳಿರಲಿಲ್ಲ. ಆರು ವಾರಕ್ಕೆ ಹೋದರು.

ಮಣ್ಣಿಗೆ ಹತ್ತು ಜನವೂ ಇರಲಿಲ್ಲ. ಮಾರನೆಯ ದಿನ ಜೆರಾಕ್ಸಿಗೆ ಬಂದ ಒಬ್ಬ ಪರಿಚಯದವನು ದನಿ ತಗ್ಗಿಸಿ, “ಅವ್ರ ಹೆಸ್ರೂ ಅದ್ರಲ್ಲಿ ಇತ್ತಾ?” ಅಂತ ಕೇಳಿದ. ಇರಲಿಲ್ಲ ಅಂದೆ. ಅವರು ಹಾಡಿದವರೂ ಅಲ್ಲ, ಪಾರ್ಟು ಮಾಡಿದವರೂ ಅಲ್ಲ, ಅವರ ಹೆಸರು ಯಾಕಿರುತ್ತದೆ? ಅವನಿಗೆ ಆ ಉತ್ತರ ರುಚಿಸಿದ ಹಾಗೆ ಕಾಣಲಿಲ್ಲ.

ಹನ್ನೊಂದನೆಯ ದಿನ ಅವರ ಹೆಂಡತಿಯನ್ನು ಕಂಡು, ನೋಟ್‌ಬುಕ್ಕಿನಲ್ಲಿ ಆ ಹದಿನೇಳು ಹೆಸರು ಇವೆಯಾ ಅಂತ ಕೇಳಿದೆ. ಆಸ್ಪತ್ರೆಗೆ ಹೊರಡುವ ದಿನ ಕೊನೆಯ ಕೆಲವು ಹಾಳೆ ಹರಿದು ಬಚ್ಚಲ ಒಲೆಗೆ ಹಾಕಿದರು ಅಂದರು ಆಕೆ. ಪೆನ್‌ಡ್ರೈವ್ ತೆರೆದು ನೋಡಿದೆ. ಫೈಲುಗಳಿಗೆ ಹೋಬಳಿ ಇಲ್ಲ, ಊರಿಲ್ಲ, ವರ್ಷವಿಲ್ಲ. ಮೊದಲೆಲ್ಲ ಅವರು ಪ್ರತಿ ರೆಕಾರ್ಡಿಂಗಿನ ಶುರುವಿನಲ್ಲಿ ತಮ್ಮ ದನಿಯಲ್ಲೇ ಕಲಾವಿದರ ಹೆಸರು, ಊರು, ತಾರೀಕು ಹೇಳುತ್ತಿದ್ದರು. ಇವುಗಳಲ್ಲಿ ಬರೀ “ಒಂದು” ಅನ್ನುತ್ತಾರೆ, ಹಾಡು ಶುರುವಾಗುತ್ತದೆ. “ಎರಡು” ಅನ್ನುತ್ತಾರೆ, ಇನ್ನೊಂದು ಶುರುವಾಗುತ್ತದೆ. ಹದಿನೇಳರ ತನಕ ಹಾಗೆಯೇ.

ದನಿ ಕೇಳಿ ಗುರುತು ಹಿಡಿಯಬಲ್ಲವರು ನನಗೆ ಗೊತ್ತಿದ್ದ ಹಾಗೆ ಒಬ್ಬರೇ. ಒಂದು ಮಧ್ಯಾಹ್ನ ಅತ್ತೆ ಪಕ್ಕದ ಮನೆಗೆ ಹೋಗಿದ್ದಾಗ ಮಾವನ ಮುಂದೆ ಲ್ಯಾಪ್‌ಟಾಪ್ ಇಟ್ಟೆ. ಮೊದಲನೆಯದು ಹಾಕಿದೆ. ಅವರು ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ, ಹಾಡುವವನಿಗಿಂತ ಒಂದು ಉಸಿರು ಮುಂಚೆಯೇ ಮುಂದಿನ ಮಾತಿಗೆ ತುಟಿ ಆಡಿಸಿದರು.

“ಯಾರು ಮಾವ ಇದು?”

“ಗೊತ್ತಿಲ್ಲ. ಮುಂದಿಂದು ಹಾಕು.”

ಎರಡನೆಯದಕ್ಕೂ ಗೊತ್ತಿಲ್ಲ ಅಂದರು. ಮೂರನೆಯದಕ್ಕೆ ಕಣ್ಣಲ್ಲಿ ನೀರು ಬಂತು, ಗೊತ್ತಿಲ್ಲ ಅಂದರು. ನನಗೆ ಅರ್ಥವಾಯಿತು, ಒತ್ತಾಯ ಮಾಡಲಿಲ್ಲ. ಹದಿನಾಲ್ಕನೆಯದು ಶುರುವಾದಾಗ ನನ್ನ ಕೈ ಹಾಗೇ ನಿಂತಿತು. ಆ ಮಟ್ಟು ಬೇರೆ ಯಾರಿಗೂ ಬರುವುದಿಲ್ಲ. ಹಾಡಿನ ಮಧ್ಯೆ ಒಂದು ಕಡೆ ದನಿ ಒಡೆದು, ಒಂದು ಕೆಮ್ಮು ಬಂದು, ಮತ್ತೆ ಅಲ್ಲಿಂದಲೇ ಎತ್ತಿಕೊಂಡಿತ್ತು. ಕಣ್ಣಿನ ಪರೀಕ್ಷೆಗೆ ಅಂತ ಮಾವ ಒಬ್ಬರೇ ಹೊಸಕೋಟೆಗೆ ಹೋಗಿ, ಡಾಕ್ಟರು ಸಿಗಲಿಲ್ಲ ಅಂತ ವಾಪಸ್ ಬಂದ ದಿನ ನೆನಪಾಯಿತು. ನಾನು ಅವರ ಮುಖ ನೋಡಿದೆ. ಅವರು ಕಣ್ಣು ತೆರೆಯಲಿಲ್ಲ. ಈ ಒಂದಕ್ಕೆ ತಾಳವನ್ನೂ ಹಾಕಲಿಲ್ಲ.

“ಗೊತ್ತಿಲ್ಲ,” ಅಂದರು. “ಮುಂದಿಂದು ಹಾಕು.”

ಅದಾಗಿ ಒಂದು ತಿಂಗಳಿಗೆ ಮಾವ ಯಾವುದೋ ಊರಿನ ಮಣ್ಣಿಗೆ ಹೋಗಿ ಬಂದರು. ಕಾಲು ತೊಳೆದುಕೊಂಡು, ಸ್ನಾನ ಮಾಡಿ, ನನ್ನ ಹತ್ತಿರ ಬಂದು ನಿಂತರು.

“ಏಳನೇದು ಬರ್ಕೋ ತಾಯಿ,” ಅಂದರು. ಹೆಸರು ಹೇಳಿದರು. ಊರು ಹೇಳಿದರು, ಹೋಬಳಿ ಹೇಳಿದರು, ಯಾವ ಪಾರ್ಟು, ಯಾವ ಮೇಷ್ಟ್ರ ಶಿಷ್ಯ, ಎಲ್ಲ ಹೇಳಿದರು. ಕೊನೆಗೆ ಆ ದಿನದ ತಾರೀಕು ಹೇಳಿದರು.

ಅಲ್ಲಿಂದ ಅದೇ ನಡೆದುಕೊಂಡು ಬಂದಿದೆ. ಮೂರನೆಯದು, ಹದಿನಾರನೆಯದು, ಎರಡನೆಯದು. ಮಾವ ಒಗೆದ ಪಂಚೆ ಉಟ್ಟು ಬೆಳಿಗ್ಗೆಯೇ ಹೊರಟರೆ, ಇವತ್ತು ಯಾವ ನಂಬರೋ ಅಂತ ಕಾಯುತ್ತೇನೆ. ಅತ್ತೆ ಏನೂ ಕೇಳುವುದಿಲ್ಲ, ಬಿಸಿನೀರು ಕಾಯಿಸಿಟ್ಟಿರುತ್ತಾರೆ.

ಹೋದ ವಾರ ಅನುಗೊಂಡನಹಳ್ಳಿಯಿಂದ ಬಂದರು. ಒಂಬತ್ತನೆಯದು. ನಾನು ಟೈಪ್ ಮಾಡಿ, ಸಾಲನ್ನು ಮೊದಲಿನಿಂದ ಓದಿ ಹೇಳಿದೆ. ಸರಿಯಾಗಿದೆ ಅಂದರು. ಎದ್ದು ಹೋಗುವವರು ಬಾಗಿಲ ಹತ್ತಿರ ನಿಂತರು.

“ಇನ್ನೆಷ್ಟು ಉಳಿದವೆ?”

“ಹನ್ನೆರಡು ಮಾವ.”

“ಹನ್ನೊಂದು,” ಅಂದರು. “ಒಂದು ನಿಂಗೇ ಗೊತ್ತೈತೆ.”